ಹಳೇ ಕಾರು ತಂದ ಮೇಲೆ ರಿಪೇರಿ ಬಂದರೆ: ಕಂಪನಿ ಸರ್ವೀಸಾ, ಏರಿಯಾ ಗ್ಯಾರೇಜಾ, ಮಾರಿಬಿಡೋದಾ?

ಕಾರು ತಂದು 19ನೇ ದಿನ. ಸಂಜೆ ಏಳು ಗಂಟೆ, ಬೆಂಗಳೂರಿನ ನಾಯಂಡಹಳ್ಳಿ ಜಂಕ್ಷನ್. ಎಸಿಯಿಂದ ಬಿಸಿ ಗಾಳಿ ಬರೋಕೆ ಶುರುವಾಯಿತು. ನೋಡಿದರೆ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿದೆ. ಹಿಂದೆ ಬಿಎಂಟಿಸಿ ಬಸ್ಸು, ಹಾರ್ನ್ ಮೇಲೆ ಹಾರ್ನ್. ಹೇಗೋ ಎಡಕ್ಕೆ ಎಳೆದು ಎಂಜಿನ್ ಆಫ್ ಮಾಡಿದೆ. ಈ ಕಾರಿನ ವಿಷಯದಲ್ಲಿ ಅಲ್ಲಿಯವರೆಗೆ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 61,000 ಕಿಲೋಮೀಟರ್ ಓಡಿದ್ದು, ಒಬ್ಬರೇ ಓನರ್. ವಿಜಯನಗರದಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರ ಹತ್ತಿರ 3 ಲಕ್ಷದ 40 ಸಾವಿರಕ್ಕೆ ತಂದಿದ್ದೆ. ನೋಡೋಕೆ ಹೋದಾಗ ಮೆಕ್ಯಾನಿಕ್‌ನ ಕರೆದುಕೊಂಡು ಹೋಗಲಿಲ್ಲ, ನಮ್ಮ ಬಾವನನ್ನು ಕರೆದುಕೊಂಡು ಹೋದೆ. ಬಾವ ಬಾನೆಟ್ ಎರಡು ಸಲ ತಟ್ಟಿದರು, ಟೈರಿಗೆ ಒಂದು ಒದೆ ಕೊಟ್ಟರು, "ಗಾಡಿ ಗಟ್ಟಿಯಾಗಿದೆ, ತಗೋ" ಅಂದರು. ಎಸಿ ಮೊದಲ ದಿನದಿಂದಲೂ ಅಷ್ಟಕ್ಕಷ್ಟೇ ಇತ್ತು. "ಗ್ಯಾಸ್ ತುಂಬಿಸಿದರೆ ಸರಿ ಹೋಗುತ್ತೆ" ಅಂತ ಮೇಷ್ಟ್ರು ಹೇಳಿದ್ದನ್ನು ನಂಬಿದ್ದೆ.

ಮಾರನೇ ದಿನ ಕಾರನ್ನು ಟೋ ಮಾಡಿಸಿ ಕಂಪನಿ ಸರ್ವೀಸ್ ಸೆಂಟರ್‌ಗೆ ಹಾಕಿದೆ. ಮಧ್ಯಾಹ್ನ ವಾಟ್ಸಾಪ್‌ನಲ್ಲಿ ಎಸ್ಟಿಮೇಟ್ ಬಂತು. ಎಸಿ ಕಂಪ್ರೆಸರ್ 22,600. ಕ್ಲಚ್ ಸೆಟ್ 11,900. ವಾಟರ್ ಪಂಪ್, ಕೂಲೆಂಟ್ (ಎಂಜಿನ್ ತಂಪಾಗಿಡೋ ದ್ರವ) ಸೇರಿ 7,300. ಮುಂದಿನ ಚಕ್ರಗಳನ್ನು ಹಿಡಿದಿರೋ ಎರಡೂ ಲೋವರ್ ಆರ್ಮ್ 6,800. ಬ್ಯಾಟರಿ 5,200. ಕೊನೆಯಲ್ಲಿ ಥ್ರಾಟಲ್ ಕ್ಲೀನಿಂಗ್, ಎಂಜಿನ್ ಫ್ಲಶ್, ಅಂಡರ್‌ಬಾಡಿ ಕೋಟಿಂಗ್ ಅಂತ 4,600. ಒಟ್ಟು 58,400 ರೂಪಾಯಿ. ಕಾರಿನ ಬೆಲೆಯ ಆರರಲ್ಲಿ ಒಂದು ಪಾಲಿಗಿಂತ ಜಾಸ್ತಿ, ಅದೂ ಮೂರು ವಾರದಲ್ಲಿ.

ಆ ಪಟ್ಟಿಯಲ್ಲಿ ಇದ್ದದ್ದೆಲ್ಲ ಸುಳ್ಳಲ್ಲ. ಎಲ್ಲಾ ನಿಜವೂ ಅಲ್ಲ. ನನಗೆ ಅರ್ಧ ವರ್ಷ ಕಳೆದ ಮೇಲೆ ಹೊಳೆದದ್ದು ಇಷ್ಟೇ: ಕಂಪನಿ ಸರ್ವೀಸ್ ಒಳ್ಳೇದಾ, ಗ್ಯಾರೇಜ್ ಒಳ್ಳೇದಾ ಅಂತ ಕೇಳೋದೇ ತಪ್ಪು. ಯಾವ ಕೆಲಸವನ್ನು ಯಾರ ಕೈಗೆ ಕೊಡಬೇಕು ಅಂತ ಕೇಳಬೇಕು. ಅದಕ್ಕೂ ಮೊದಲು, ಏನಾಗಿದೆ ಅಂತ ಕಂಡುಹಿಡಿಯೋಕೆ ಬೇರೆ ದುಡ್ಡು ಕೊಡಬೇಕು.

ಬಿಚ್ಚಿಸುವ ಮೊದಲು ಕಾಗದ ನೋಡಿ

ಕಾರು ಡೀಲರ್ ಹತ್ತಿರ ಅಥವಾ ಆನ್‌ಲೈನ್ ಕಂಪನಿಯಿಂದ ತಂದಿದ್ದರೆ ವಾರಂಟಿ ಇರಬಹುದು. ಹಾಗಿದ್ದರೆ ಹೊರಗಿನ ಮೆಕ್ಯಾನಿಕ್ ಕೈಗೆ ಸ್ಪ್ಯಾನರ್ ಕೊಡಬೇಡಿ. ಒಮ್ಮೆ ಬೇರೆಯವರು ಬಿಚ್ಚಿದರೆ "ನೀವೇ ಕೆಡಿಸಿಕೊಂಡಿರಿ" ಅನ್ನೋಕೆ ದಾರಿ ಆಗುತ್ತದೆ. ಆದರೆ ಈ ವಾರಂಟಿಗಳಲ್ಲಿ ಹೆಚ್ಚಿನವು ಎಂಜಿನ್, ಗೇರ್‌ಬಾಕ್ಸ್‌ಗೆ ಮಾತ್ರ. ಕ್ಲಚ್, ಬ್ರೇಕ್ ಪ್ಯಾಡ್, ಬುಷ್ (ಕೀಲುಗಳ ರಬ್ಬರ್), ಬ್ಯಾಟರಿ, ಟೈರು ಇವೆಲ್ಲ ಸವೆಯುವ ಪಾರ್ಟು, ಲೆಕ್ಕಕ್ಕಿಲ್ಲ. ಹಳೇ ಕಾರಲ್ಲಿ ಮೊದಲು ಕೈಕೊಡೋದೇ ಇವು, ಅಲ್ವಾ?

ಇನ್ಶೂರೆನ್ಸ್ ಕೂಡ ಇಲ್ಲಿ ನೆರವಿಗೆ ಬರೋದಿಲ್ಲ. ಸವೆತ, ಮೆಕ್ಯಾನಿಕಲ್ ತೊಂದರೆ ಅದರಲ್ಲಿ ಸೇರಿಲ್ಲ. ಆದರೂ ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳೋಕೆ ಮರೆಯಬೇಡಿ. ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗಿಯೇ ನಿಮಗೆ ಬರುತ್ತದೆ. ನಿಮ್ಮ ಕಾರಿನ ಡ್ಯಾಮೇಜ್ ಭಾಗಕ್ಕೆ 14 ದಿನದೊಳಗೆ ನೀವೇ ಕಂಪನಿಗೆ ತಿಳಿಸಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಅವರದು, ಕಾರಿನ ಜೊತೆ ಬರೋದಿಲ್ಲ. ಅದರ ವ್ಯತ್ಯಾಸದ ದುಡ್ಡನ್ನೂ ರಿಪೇರಿ ಲೆಕ್ಕದಲ್ಲೇ ಇಟ್ಟುಕೊಳ್ಳಿ.

ಮಾರಿದವರ ಮೇಲೆ ಹೋಗೋದಾ? ವ್ಯಾಪಾರವೇ ಕಸುಬಾಗಿರೋ ಡೀಲರ್ ಆದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದರೆ ಕೆಲವರು ಅಷ್ಟಕ್ಕೇ ಮಾತಿಗೆ ಬರುತ್ತಾರೆ. ನಮ್ಮ ಮೇಷ್ಟ್ರಂಥ ಖಾಸಗಿ ವ್ಯಕ್ತಿ ಆದರೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ನಾನು ಫೋನ್ ಮಾಡಿದೆ. "ನಾನು ಓಡಿಸುವಾಗ ಚೆನ್ನಾಗಿತ್ತಪ್ಪಾ" ಅಂದರು. ಇರಬಹುದು, ದಿನಾ ಅರ್ಧ ಕಿಲೋಮೀಟರ್ ಹಾಲಿನ ಬೂತಿಗೆ ಹೋಗಿ ಬರೋರಿಗೆ ಟೆಂಪರೇಚರ್ ಮುಳ್ಳು ಏಳೋದು ಎಲ್ಲಿ ಕಾಣಬೇಕು.

ಪತ್ತೆ ಮಾಡೋದು ಬೇರೆ, ರಿಪೇರಿ ಬೇರೆ

ಎಸ್ಟಿಮೇಟ್ ಹಿಡಿದುಕೊಂಡು ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜ್‌ಗೆ ಹೋದೆ. ಆಫೀಸಿನಲ್ಲಿ ನಾಲ್ಕು ಜನ ಅದೇ ಹೆಸರು ಹೇಳಿದ್ದರು. "ಚೆಕ್ ಮಾಡಿದ್ದಕ್ಕೆ ಎಷ್ಟಾಗುತ್ತೋ ಅಷ್ಟು ಕೊಡ್ತೀನಿ, ಕೆಲಸ ಆಮೇಲೆ ನೋಡೋಣ" ಅಂದೆ. ಮೆಕ್ಯಾನಿಕ್ ಒಂದು ಥರ ನೋಡಿದರು. ಯಾರೂ ಹಾಗೆ ಕೇಳೋದಿಲ್ಲವಂತೆ. 300 ರೂಪಾಯಿ ಅಂದರು.

ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಸಣ್ಣ ಕೈಪಂಪು ಸಿಕ್ಕಿಸಿ ಗಾಳಿ ತುಂಬಿದರು. ಗೇಜ್ ನೋಡುತ್ತಾ ಚಹಾ ಕುಡಿದೆವು. ಹತ್ತು ನಿಮಿಷಕ್ಕೆ ಮುಳ್ಳು ಇಳಿದಿತ್ತು. ಅವರು ಟಾರ್ಚ್ ಹಿಡಿದು ಬೆಲ್ಟಿನ ಹಿಂದೆ ತೋರಿಸಿದರು. ವಾಟರ್ ಪಂಪಿನ ಕೆಳಗೆ ಹಸಿರು ಗೆರೆ, ಒಣಗಿ ಉಪ್ಪುಗಟ್ಟಿದಂತೆ. ಅದರ ತುದಿಯಲ್ಲಿ ಒಂದು ಹೊಸ ಹನಿ. ಆಮೇಲೆ ಆಯಿಲ್ ಮುಚ್ಚಳ ತೆಗೆದು ಒಳಭಾಗಕ್ಕೆ ಬೆರಳಾಡಿಸಿದರು. "ಕಾಫಿ ಕಲರ್ ಬಂದಿಲ್ಲ ಸಾರ್. ಆಫ್ ಮಾಡಿದ್ರಲ್ಲ, ಬಚಾವಾದ್ರಿ." ಕೂಲೆಂಟ್ ಆಯಿಲ್ ಜೊತೆ ಸೇರಿದ್ದರೆ ಅಲ್ಲಿ ಹಾಲು ಹಾಕಿದ ಕಾಫಿಯಂಥ ಪಾಕ ಇರುತ್ತದೆ. ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಕೆಳಗಿನ ಸೀಲ್) ಹೋಗಿರೋ ಅನುಮಾನ. ಹೆಡ್ ಇಳಿಸಬೇಕು, ಲೇತಿಗೆ ಕಳಿಸಿ ಮಟ್ಟ ಮಾಡಿಸಬೇಕು. ಬಿಲ್ಲು ಆಗ ಬೇರೆ ಲೆಕ್ಕಕ್ಕೇ ಹೋಗುತ್ತದೆ. ಮುಳ್ಳು ಏರಿದ ಮೇಲೂ "ಮನೆ ಹತ್ತಿರಾನೇ ಇದೆ" ಅಂತ ಓಡಿಸೋ ಎರಡು ಕಿಲೋಮೀಟರ್ ಬೆಲೆ ಇದು.

ಎಸಿ ವಿಷಯಕ್ಕೆ ಅವರು ಕೈ ಹಾಕಲಿಲ್ಲ. "ನಂದಲ್ಲ ಸಾರ್ ಅದು, ಎಸಿ ಅವ್ರ ಹತ್ರ ಹೋಗಿ" ಅಂದರು. ಒಳ್ಳೇ ಗ್ಯಾರೇಜಿನ ಗುರುತು ಯಾವುದು ಅಂತ ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ. ಎಲ್ಲಾ ಮಾಡ್ತೀನಿ ಅನ್ನೋರ ಹತ್ತಿರ ಹುಷಾರು.

ಎಸಿ ಮೆಕ್ಯಾನಿಕ್ 500 ರೂಪಾಯಿಗೆ ಪೈಪಿಗೆ ಗೇಜ್ ಹಾಕಿ ನೈಟ್ರೋಜನ್ ತುಂಬಿದರು. ಆಮೇಲೆ ಸೋಪಿನ ನೊರೆ ಚಿಮುಕಿಸಿದರು. ಮುಂದೆ ರೇಡಿಯೇಟರಿಗೂ ಮೊದಲು ಕೂತಿರೋ ಕಂಡೆನ್ಸರಿನ ಕೆಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ಗುಳ್ಳೆ ಎದ್ದಿತು. ಒಡೆಯಿತು, ಮತ್ತೆ ಎದ್ದಿತು. ಎಲ್ಲೋ ಕಲ್ಲು ಬಡಿದು ತೂತಾಗಿದೆ. ಗ್ಯಾಸ್ ಕಡಿಮೆ ಆದರೆ ಪ್ರೆಶರ್ ಸ್ವಿಚ್ ಕಂಪ್ರೆಸರ್ ಓಡೋಕೇ ಬಿಡೋದಿಲ್ಲ. ಓಡುತ್ತಿಲ್ಲ ಅಂದಮಾತ್ರಕ್ಕೆ ಕಂಪ್ರೆಸರ್ ಸತ್ತಿದೆ ಅಂತ ಎಸ್ಟಿಮೇಟಿನಲ್ಲಿ 22,600 ಬರೆದಿದ್ದರು. ಹೊಸ ಕಂಡೆನ್ಸರ್, ಗ್ಯಾಸ್, ಕೂಲಿ ಎಲ್ಲಾ ಸೇರಿ ಆಗಿದ್ದು 6,700.

ವಾಟರ್ ಪಂಪ್, ಹೋಸ್, ಥರ್ಮೋಸ್ಟಾಟ್, ಕೂಲೆಂಟ್ ಸೇರಿ ಗ್ಯಾರೇಜಿನಲ್ಲಿ 4,900. ಲೋವರ್ ಆರ್ಮ್ ಎರಡೂ ಬದಲಿಸೋದು ಬೇಡ ಅಂದರು, ಎಡಗಡೆ ಬುಷ್ ಮಾತ್ರ ಒತ್ತಿಸಿ 1,900. ಬ್ಯಾಟರಿ ಲೋಡ್ ಟೆಸ್ಟ್‌ನಲ್ಲಿ ಪಾಸಾಯಿತು, ಟರ್ಮಿನಲ್ ತುಕ್ಕು ಹಿಡಿದಿತ್ತು, ಬಿಸಿನೀರು ಹಾಕಿ ತೊಳೆದರು. ಕ್ಲಚ್ ಇನ್ನೂ ಸ್ವಲ್ಪ ಕಾಲ ಬರುತ್ತದೆ ಅಂದರು, ಏಳು ತಿಂಗಳು ಬಂತು. 58,400 ಇದ್ದಿದ್ದು 13,500ಕ್ಕೆ ನಿಂತಿತು. ಪತ್ತೆಗೆ ಕೊಟ್ಟ 800 ಬೇರೆ.

ಹಾಗಾದರೆ ಕಂಪನಿ ಸರ್ವೀಸ್ ಯಾಕೆ ಬೇಕು?

ಬೇಕು. ನಾಲ್ಕು ತಿಂಗಳಾದ ಮೇಲೆ ಏರ್‌ಬ್ಯಾಗ್ ಲೈಟ್ ಹತ್ತಿಕೊಂಡಿತು. ಅದೇ ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಅಳಿಸಿದರು. ಮೂರು ದಿನಕ್ಕೆ ಮತ್ತೆ ಬಂತು. ಮತ್ತೆ ಅಳಿಸಿದರು. ಮೂರನೇ ಸಲಕ್ಕೆ ನನಗೇ ಸರಿ ಅನಿಸಲಿಲ್ಲ. ಕಂಪನಿ ಸರ್ವೀಸ್‌ಗೆ ಹಾಕಿದೆ. ಸ್ಟೀರಿಂಗ್ ಒಳಗೆ ಸುರುಳಿ ಸುತ್ತಿಕೊಂಡಿರೋ ಕೇಬಲ್ ತುಂಡಾಗಿತ್ತು. 4,300 ರೂಪಾಯಿ, ಬಿಲ್ಲು, ವಾರಂಟಿ. ಸುಮ್ನೆ ಕೊಟ್ಟು ಬಂದೆ. ಲೈಟ್ ಅಳಿಸಿಕೊಂಡು ಓಡಿಸಿದ್ದರೆ, ಗುದ್ದಿದ ದಿನ ಆ ಬ್ಯಾಗು ತೆರೆಯುತ್ತಿರಲಿಲ್ಲ.

ಏರ್‌ಬ್ಯಾಗ್, ಎಬಿಎಸ್, ಎಲೆಕ್ಟ್ರಿಕ್ ಸ್ಟೀರಿಂಗ್, ಕೀ ಪ್ರೋಗ್ರಾಮಿಂಗ್, ಎಂಜಿನ್ ಕಂಪ್ಯೂಟರ್ ಇವಕ್ಕೆ ಕಂಪನಿ ಸರ್ವೀಸೇ ಸರಿ. ಕಂಪನಿ ಏನಾದರೂ ರೀಕಾಲ್ ಮಾಡಿದ್ದರೆ ಅದನ್ನು ಅವರು ಪುಕ್ಕಟೆ ಮಾಡಿಕೊಡುತ್ತಾರೆ, ನೀವು ಎಷ್ಟನೇ ಓನರ್ ಅನ್ನೋದು ಲೆಕ್ಕಕ್ಕಿಲ್ಲ. ಚಾಸಿ ನಂಬರ್ ಕೊಟ್ಟು ಒಮ್ಮೆ ಕೇಳಿ. ಹಳೇ ಸರ್ವೀಸ್ ಹಿಸ್ಟರಿ ಸಿಗೋದೂ ಅಲ್ಲೇ. ಯಾವ ವರ್ಷ ಎಷ್ಟು ಕಿಲೋಮೀಟರ್ ಇತ್ತು ಅಂತ ಅದರಲ್ಲಿ ಬರೆದಿರುತ್ತದೆ. ಮೀಟರ್ ತಿರುಗಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಏರಿಯಾ ಗ್ಯಾರೇಜ್ ಮರೆತುಬಿಡಿ. ಕಂಪನಿ ಸರ್ವೀಸ್, ಇಲ್ಲವೇ ಗೇರ್‌ಬಾಕ್ಸ್ ಒಂದನ್ನೇ ಮಾಡೋರು.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಿತಿಯ ನಿಯಮ) ಡೀಸೆಲ್ ತಂದವರಿಗೆ ಒಂದು ಮಾತು. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರುತ್ತದೆ. ಸಿಲ್ಕ್ ಬೋರ್ಡಿನಲ್ಲಿ ತೆವಳೋ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಯಾಕಂದರೆ ಮಸಿ ಸುಡೋಕೆ ಹೊಗೆ ಚೆನ್ನಾಗಿ ಕಾಯಬೇಕು. ಎಚ್ಚರಿಕೆಯ ಲೈಟ್ ಬಂದ ಕೂಡಲೇ ಸಾವಿರಾರು ರೂಪಾಯಿ ಕ್ಲೀನಿಂಗ್‌ಗೆ ಒಪ್ಪಬೇಡಿ. ಓನರ್ಸ್ ಮ್ಯಾನುಯಲ್‌ನಲ್ಲಿ ಹೇಳಿದಂತೆ ನೈಸ್ ರೋಡಲ್ಲೋ ತುಮಕೂರು ರೋಡಲ್ಲೋ ಒಂದೇ ವೇಗದಲ್ಲಿ ಒಂದಷ್ಟು ದೂರ ಓಡಿಸಿ ನೋಡಿ. ಹೆಚ್ಚಿನ ಸಲ ಟೋಲ್ ದುಡ್ಡಲ್ಲೇ ಮುಗಿಯುತ್ತದೆ. ಲೈಟ್ ನಿರ್ಲಕ್ಷ್ಯ ಮಾಡಿ ತಿಂಗಳಾಗಿದ್ದರೆ ಈ ಉಪಾಯ ನಡೆಯೋದಿಲ್ಲ.

ಇನ್ನು ಹೊಳೆಯೋ ಬೋರ್ಡು, ಆ್ಯಪು ಇರೋ ಮಲ್ಟಿಬ್ರ್ಯಾಂಡ್ ಚೈನ್‌ಗಳು. ಆಯಿಲ್ ಸರ್ವೀಸ್, ಬ್ರೇಕ್ ಪ್ಯಾಡ್, ಟೈರು, ಡೆಂಟಿಂಗ್‌ಗೆ ಪರವಾಗಿಲ್ಲ. ಬಿಲ್ಲು ಸಿಗುತ್ತದೆ. ಪತ್ತೆ ಕೆಲಸಕ್ಕೆ ನಾನು ಹೋಗೋದಿಲ್ಲ. ಕಾರು ಯಾರ ಕೈಗೆ ಹೋಯಿತು ಅಂತಾನೇ ಅಲ್ಲಿ ಗೊತ್ತಾಗೋದಿಲ್ಲ.

ಬೆಲೆ ಹೋಲಿಸುವಾಗ ಮೂರು ಕಡೆಯೂ ಪಾರ್ಟಿನ ಬೆಲೆ ಬೇರೆ, ಕೂಲಿ ಬೇರೆ, ಜಿಎಸ್‌ಟಿ ಬೇರೆ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಪಾರ್ಟುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಸ್ನೇಹಿತರು ಅದಕ್ಕೂ ಮೊದಲು ಕೊಟ್ಟ ಬಿಲ್ಲನ್ನು ಇಟ್ಟುಕೊಂಡು ಜಗಳ ಆಡೋಕೆ ಹೋಗಬೇಡಿ.

ಪಾರ್ಟು: ಕಂಪನಿ ಡಬ್ಬಿ, ಅದೇ ಮಾಲು ಬೇರೆ ಡಬ್ಬಿ, ಡುಪ್ಲಿಕೇಟ್, ಗುಜರಿ

ಕಾರು ಕಂಪನಿಗಳು ಎಲ್ಲಾ ಪಾರ್ಟನ್ನೂ ತಾವೇ ಮಾಡೋದಿಲ್ಲ. ಕ್ಲಚ್ಚನ್ನು ವ್ಯಾಲಿಯೊ, ಲುಕ್, ಎಕ್ಸೆಡಿಯಂಥವರು ಮಾಡುತ್ತಾರೆ. ಅಂಥವರದೇ ಮಾಲು ಅವರ ಸ್ವಂತ ಡಬ್ಬಿಯಲ್ಲಿ ಜೆ.ಸಿ. ರೋಡಿನ ಅಂಗಡಿಗಳಲ್ಲಿ ಕಡಿಮೆಗೆ ಸಿಗುತ್ತದೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ ಕಡೆ ಹೋಗೋ ರೋಡು ಅದು. ಕಾರು ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಜಾಗ ಹುಡುಕೋದರಲ್ಲೇ ಅರ್ಧ ದಿನ ಹೋಗುತ್ತದೆ. ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆಯಿರಿ. ಹಳೇ ಪಾರ್ಟಿನ ಮೇಲಿರೋ ನಂಬರಿನ ಫೋಟೋ ಕೈಯಲ್ಲಿರಲಿ. ಬರೀ ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು, ಒಂದೇ ವರ್ಷದಲ್ಲಿ ಎರಡು ಥರದ ಪಾರ್ಟು ಬಂದಿರುತ್ತವೆ.

ಅಲ್ಲಿಗೆ ಹೋಗಿ ನಾನು ಮಾಡಿಕೊಂಡ ಎಡವಟ್ಟು ಕೇಳಿ. ಏಳು ತಿಂಗಳಿಗೆ ಕ್ಲಚ್ ಜಾರೋಕೆ ಶುರುವಾಯಿತು. ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಶಬ್ದ ಏರುತ್ತದೆ, ಗಾಡಿ ವೇಗ ಏರೋದಿಲ್ಲ. ಕ್ಲಚ್ ಮುಗಿದಿದೆ ಅಂತ ಅರ್ಥ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಒಳ್ಳೇ ಬ್ರ್ಯಾಂಡ್ ತಗೊಂಡೆ. ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ಬೇರಿಂಗ್) ವಿಷಯದಲ್ಲಿ ಅಂಗಡಿಯವರು ಎರಡು ಡಬ್ಬಿ ಇಟ್ಟರು. ವ್ಯತ್ಯಾಸ 700 ರೂಪಾಯಿ. ಅಗ್ಗದ್ದು ತಗೊಂಡೆ. ಎರಡು ತಿಂಗಳಿಗೆ ಕ್ಲಚ್ ಒತ್ತಿದರೆ ಜೀರುಂಡೆ ಸದ್ದು. ಬೇರಿಂಗ್ ತೆಗೆಯಬೇಕು ಅಂದರೆ ಗೇರ್‌ಬಾಕ್ಸ್ ಮತ್ತೆ ಇಳಿಸಲೇಬೇಕು. ಕೂಲಿ 2,800. ಗ್ಯಾರೇಜಿನವರ ಮುಖ ನೋಡಿದೆ. "ಪಾರ್ಟ್ ನೀವ್ ತಂದಿದ್ದು ಸಾರ್" ಅಂದರು. ಅವರ ಮಾತಿಗೆ ಏನಂತ ಎದುರಾಡೋದು?

ಹಾಗಾಗಿ ಗೇರ್‌ಬಾಕ್ಸ್, ಟೈಮಿಂಗ್ ಬೆಲ್ಟ್, ಡ್ಯಾಶ್‌ಬೋರ್ಡ್ ಇಳಿಸೋ ಕೆಲಸವಾದರೆ ಕೂಲಿಯೇ ದೊಡ್ಡದು, ಪಾರ್ಟು ಚಿಕ್ಕದು. ಅಲ್ಲಿ ಪಾರ್ಟಿನಲ್ಲಿ ಉಳಿಸೋಕೆ ಹೋಗಬೇಡಿ. ಇಳಿಸಿದಾಗ ಪಕ್ಕದ ಆಯಿಲ್ ಸೀಲ್ ಕೂಡ ಬದಲಿಸಿಬಿಡಿ. ವೈಪರ್, ಏರ್ ಫಿಲ್ಟರ್, ಬಲ್ಬು ಇಂಥ ಐದು ನಿಮಿಷದ ಕೆಲಸಕ್ಕೆ ಯಾವ ಬ್ರ್ಯಾಂಡ್ ಆದರೂ ನಡೆಯುತ್ತದೆ. ಗ್ಯಾರೇಜಿಗೆ ಪಾರ್ಟು ತಂದುಕೊಡೋದಾ, ಅವರಿಂದಲೇ ಹಾಕಿಸೋದಾ ಅಂದರೆ, ನಾನೀಗ ಅವರ ಮಾರ್ಜಿನ್ ಕೊಟ್ಟು ಅವರಿಂದಲೇ ಹಾಕಿಸುತ್ತೇನೆ. ಬ್ರ್ಯಾಂಡ್ ಮಾತ್ರ ನಾನು ಹೇಳುತ್ತೇನೆ. ಹಳೇ ಪಾರ್ಟು, ಹೊಸದರ ಡಬ್ಬಿ ಎರಡನ್ನೂ ವಾಪಸ್ ಕೇಳುತ್ತೇನೆ.

ಶಿವಾಜಿನಗರದ ಗುಜರಿ ಮಾಲಿಗೂ ಜಾಗ ಇದೆ. ಕನ್ನಡಿ, ಹೆಡ್‌ಲೈಟ್ ಡೂಮ್, ಡೋರ್, ಬಂಪರ್, ಸೀಟು ಧಾರಾಳವಾಗಿ ತನ್ನಿ. ಬಣ್ಣ ಹೊಂದಿದರೆ ಪೇಂಟಿನ ದುಡ್ಡೂ ಉಳಿಯಿತು. ಬ್ರೇಕ್, ಬೆಲ್ಟು, ರಬ್ಬರ್, ಏರ್‌ಬ್ಯಾಗ್ ಮಾತ್ರ ಅಲ್ಲಿಂದ ಬೇಡವೇ ಬೇಡ. ಟೈರ್ ತರೋರು ಪಕ್ಕದಲ್ಲಿರೋ ನಾಲ್ಕಂಕಿ ನೋಡಿ: 2319 ಅಂದರೆ 2019ರ 23ನೇ ವಾರದ್ದು. ಇಡೀ ಎಂಜಿನ್ ಬದಲಿಸೋ ಯೋಚನೆ ಇದ್ದರೆ ನೆನಪಿರಲಿ, ಆರ್‌ಟಿಓದಲ್ಲಿ ಆರ್‌ಸಿ ಮೇಲೆ ಹೊಸ ಎಂಜಿನ್ ನಂಬರ್ ಏರಿಸಬೇಕು. ಆ ಎಂಜಿನ್ ಎಲ್ಲಿಂದ ಬಂತು ಅನ್ನೋಕೆ ಬಿಲ್ಲು ಬೇಕು.

ಮಾಡಿಸೋದಾ, ಮಾರೋದಾ

ನನ್ನದೊಂದು ಒರಟು ಲೆಕ್ಕ ಇದೆ. ಹಳೇ ಕಾರು ತರುವಾಗ ಬೆಲೆಯ ಹತ್ತನೇ ಒಂದು ಪಾಲು ಬೇರೆ ಎತ್ತಿಡಬೇಕು. ಮೊದಲ ವರ್ಷದ ರಿಪೇರಿ ಅದರೊಳಗೆ ಮುಗಿದರೆ ಗೊಣಗಬಾರದು. ಒಂದೇ ರಿಪೇರಿ ಕಾರಿನ ಈಗಿನ ಬೆಲೆಯ ಮೂರನೇ ಒಂದು ಪಾಲು ಮುಟ್ಟಿದರೆ ಮಾತ್ರ ಮಾರೋ ಮಾತು. ಮೂಗಿಗಿಂತ ಮೂಗುತಿ ಭಾರ ಆಗೋ ಜಾಗ ಅದು.

ಇದಕ್ಕೆ ಒಂದು ಅಪವಾದ ಇದೆ, ನೀರು ಕುಡಿದ ಕಾರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟ್‌ಗಳಲ್ಲಿ ಮುಳುಗಿದ ಕಾರುಗಳ ಚಿತ್ರ ಎಲ್ಲರೂ ನೋಡಿದ್ದೇವೆ. ಅಂಥ ಕಾರು ಒಣಗಿಸಿ ಪಾಲಿಶ್ ಹೊಡೆದು ಕೈ ಬದಲಾಯಿಸಿದರೆ ಹೊರಗಿನಿಂದ ಗೊತ್ತಾಗೋದಿಲ್ಲ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆಯಿರಿ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಕಲೆ ಇದೆಯಾ ನೋಡಿ. ಸೀಟಿನ ಕೆಳಗಿನ ಹಳಿ, ಬೋಲ್ಟು ತುಕ್ಕು ಹಿಡಿದಿವೆಯಾ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಮೂಸಿ. ಇವು ಸಿಕ್ಕಿ, ಒಂದು ದಿನ ಪವರ್ ವಿಂಡೋ, ಇನ್ನೊಂದು ದಿನ ಮೀಟರ್ ಅಂತ ಎಲೆಕ್ಟ್ರಿಕಲ್ ಕಾಟ ಶುರುವಾಗಿದ್ದರೆ ಮೂರನೇ ಪಾಲಿನ ಲೆಕ್ಕಕ್ಕೆ ಕಾಯಬೇಡಿ. ವೈರಿಂಗ್ ಒಳಗಿನಿಂದ ಹಸಿರಾಗುತ್ತಾ ಹೋಗುತ್ತದೆ, ಒಂದು ಕಡೆ ಮಾಡಿಸಿದರೆ ಇನ್ನೊಂದು ಕಡೆ ಹೋಗುತ್ತದೆ. ಡೀಲರ್ ಕೊಟ್ಟಿದ್ದರೆ ಫೋಟೋ ತೆಗೆದು ದೂರು ಕೊಡಿ. ಇಲ್ಲದಿದ್ದರೆ ವಿಷಯ ಹೇಳಿಯೇ ಕಡಿಮೆಗೆ ಮಾರಿ. ಮುಚ್ಚಿಟ್ಟು ಮಾರಿದರೆ ನಮ್ಮ ಥರದ ಇನ್ನೊಬ್ಬರು ನಾಯಂಡಹಳ್ಳಿಯಲ್ಲಿ ನಿಂತಿರುತ್ತಾರೆ.

ನಿಮ್ಮದು ಒಳ್ಳೇ ಕಾರೇ ಆಗಿದ್ದರೂ ಮಳೆಗಾಲಕ್ಕೆ ಮುಂಚೆ ಪಾಲಿಸಿಗೆ ಎಂಜಿನ್ ಪ್ರೊಟೆಕ್ಷನ್ ಸೇರಿಸಿ. ನೀರು ಹೊಕ್ಕು ಎಂಜಿನ್ ಜಾಮ್ ಆದರೆ ಬರೀ ಪಾಲಿಸಿಯಲ್ಲಿ ಸಾಮಾನ್ಯವಾಗಿ ಕೊಡೋದಿಲ್ಲ. ಅಂಡರ್‌ಪಾಸ್ ನೀರಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಬೇಡಿ, ತಳ್ಳಿಸಿ.

ನನ್ನ ಕಾರು ಮಾರಿಲ್ಲ. ಮೊದಲ ವರ್ಷಕ್ಕೆ ಎತ್ತಿಡಬೇಕಿದ್ದ 34,000 ಎತ್ತಿಟ್ಟಿರಲಿಲ್ಲ, ಆದರೆ ಖರ್ಚು ಹೆಚ್ಚುಕಡಿಮೆ ಅಷ್ಟಕ್ಕೇ ಬಂದು ನಿಂತಿತು. ಗ್ಲೋವ್ ಬಾಕ್ಸಿನಲ್ಲಿ 40 ಪುಟದ ಒಂದು ನೋಟ್‌ಬುಕ್ ಇದೆ: ತಾರೀಖು, ಕಿಲೋಮೀಟರ್, ಪಾರ್ಟು, ದುಡ್ಡು. ಹೋದ ವಾರ ಬಾವನ ಆಫೀಸಿನವರೊಬ್ಬರು ಹಳೇ ಕಾರು ನೋಡೋಕೆ ಹೊರಟಿದ್ದರಂತೆ. ಬಾವ ಫೋನ್ ಮಾಡಿ ಕೇಳಿದರು, "ಲೋ, ಆ ಕಾಮಾಕ್ಷಿಪಾಳ್ಯದವರ ನಂಬರ್ ಕೊಡೋ." ಬಾನೆಟ್ ತಟ್ಟೋಕೆ ಅವರೇ ಹೋಗಬಹುದಿತ್ತಲ್ಲ ಅಂದೆ. ನಗಲಿಲ್ಲ.